ದನದ ಡಾಕ್ಟರ ಅಜ್ಜಿ

ನವೆಂಬರ್ 23, ಭಾನುವಾರ

ಬಿಂದು ಬಂದಳು. ಎರಡು ಸೂಟ್‌ಕೇಸು, ಒಂದು ಸ್ಕೂಟರು, ನನಗೆಂದು ಒಂದು ಡೈರಿ ಪುಸ್ತಕ ತಂದಿದ್ದಾಳೆ. ಪುಸ್ತಕದ ರಟ್ಟಿನ ಮೇಲೆ ಹಸುವಿನ ಚಿತ್ರ, ಪ್ರತಿ ಪುಟದ ಕೆಳಗೆ ಜಂತುಹುಳುವಿನ ಬಗ್ಗೆ ಒಂದೊಂದು ಬುದ್ಧಿಮಾತು. ಯಾವುದೋ ಔಷಧದ ಕಂಪನಿಯವರು ಪುಕ್ಕಟೆ ಕೊಟ್ಟಿದ್ದಂತೆ.

"ಅಜ್ಜಿ, ನಿಂಗೆ ಬಿಪಿ ಇದೆ. ಸಿಟ್ಟು ಬಂದಾಗ ಮಾವನ ಮೇಲೆ ಕೂಗಾಡ್ಬೇಡ. ಇದರಲ್ಲಿ ಬರಿ," ಎಂದಳು.

ನನಗೆ ಸಿಟ್ಟು ಬರುವುದಿಲ್ಲ. ಪುಸ್ತಕ ಹಾಳಾಗಬಾರದೆಂದು ಬರೆಯುತ್ತಿದ್ದೇನೆ. ಅಂಗನವಾಡಿ ನಡೆಸುವಾಗ ತಿಂಗಳು ತಿಂಗಳೂ ವರದಿ ಬರೆದು ರೂಢಿಯಿದೆ. ಮಾತಾಡಿದ ಹಾಗೆ ಬರೆದರೆ ಮೇಲ್ವಿಚಾರಕಿ ಕೆಂಪು ಗೀಟು ಎಳೆದು ವಾಪಸ್ ಕಳಿಸುತ್ತಿದ್ದರು. ಹಾಗಾಗಿ ಬರವಣಿಗೆಯಲ್ಲಿ ನಾನು ಶುದ್ಧ.

ಬಿಂದುಶ್ರೀ ನನ್ನ ಮಗಳು ಮಮತಾಳ ಒಬ್ಬಳೇ ಮಗಳು. ಬೆಂಗಳೂರಿನ ವಿಜಯನಗರದಲ್ಲಿ ಹುಟ್ಟಿ ಬೆಳೆದವಳು. ಚಿಕ್ಕವಳಿದ್ದಾಗ ಬೇಸಿಗೆ ರಜಕ್ಕೆ ಇಲ್ಲಿಗೆ ಬಂದರೆ ಎರಡನೆಯ ದಿನವೇ ಸೊಳ್ಳೆ ಎಂದು ಅತ್ತು ವಾಪಸ್ ಹೋಗುತ್ತಿದ್ದಳು. ಈಗ ಡಾಕ್ಟರ್ ಓದಿ ಮುಗಿಸಿದ್ದಾಳೆ. ಸರ್ಕಾರಿ ಕೆಲಸ ನಮ್ಮ ಹೋಬಳಿಗೇ ಸಿಕ್ಕಿದೆ. ನಮ್ಮೂರು ಮಾಗಡಿ ತಾಲ್ಲೂಕು, ಗುಡೇಮಾರನಹಳ್ಳಿಯ ಪಕ್ಕ. ಬೆಂಗಳೂರಿನಿಂದ ದಿನಾ ಓಡಾಡುವುದು ಕಷ್ಟವೆಂದು ನಮ್ಮ ಮನೆಯಲ್ಲಿರುತ್ತಾಳೆ. ಮಗ ಶಿವಕುಮಾರ್, ಸೊಸೆ, ನಾನು, ಮೂರೇ ಜನ. ಜಾಗಕ್ಕೆ ತೊಂದರೆಯಿಲ್ಲ.

ನಾಳೆಯಿಂದ ಕೆಲಸ. ಊರಿಗೆಲ್ಲ ಹೇಳಿದ್ದೇನೆ.

ನವೆಂಬರ್ 24

ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿ ತುಂಬ ಜನ. ಮಂಡಿ ನೋವಿನವರು, ಸಕ್ಕರೆ ಕಾಯಿಲೆಯವರು, ರಾತ್ರಿಯೆಲ್ಲ ಕೆಮ್ಮುವವರು. ಮಾದಪ್ಪನ ಹೆಂಡತಿ ಹೊಟ್ಟೆಯ ಸ್ಕ್ಯಾನಿಂಗ್ ಫೋಟೋವನ್ನು ಮದುವೆ ಆಲ್ಬಮ್ಮಿನಂತೆ ಎದೆಗವಚಿಕೊಂಡು ಕೂತಿದ್ದಳು.

ಬಿಂದು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಹೊರಗೆ ಬಂದಳು. ಜನರನ್ನು ನೋಡಿ ಖುಷಿಯಾಗಿ, "ಹಸು ಎಲ್ಲಿ?" ಎಂದಳು.

"ಹಸ ಯಾಕವ್ವ, ನಾವೇ ಬಂದಿದೀವಲ್ಲ," ಎಂದಳು ಮಾದಪ್ಪನ ಹೆಂಡತಿ.

ಆಮೇಲೆ ನಡೆದದ್ದನ್ನು ವಿವರಿಸುವ ಅಗತ್ಯವಿಲ್ಲ. ನಾನು ಸುಳ್ಳು ಹೇಳಿಲ್ಲ. ಮೊಮ್ಮಗಳು ಡಾಕ್ಟರ್ ಎಂದು ಹೇಳಿದ್ದೆ. ಯಾರ ಡಾಕ್ಟರ್ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದ್ದವರು ಇದ್ದಂತೆ ಎದ್ದುಹೋದರು. ಮಾದಪ್ಪನ ಹೆಂಡತಿ ಮಾತ್ರ, ಬಂದಿದ್ದಾಗಿದೆ ಒಂದು ಸಲ ನೋಡೇಬಿಡಲಿ ಎಂದು ಫೋಟೋ ತೋರಿಸಿಯೇ ಹೋದಳು.

ಪಕ್ಕದ ಮನೆಯ ಚಿಕ್ಕಹನುಮಯ್ಯ ಗೋಡೆಯಾಚೆಯಿಂದ ತನ್ನ ಹಸುವಿಗೆ ಹೇಳಿದ: "ಕೇಳುದ್ಯೇನೆ ಚೆಲುವಿ, ನಿನ್ ಡಾಕ್ಟ್ರಂತೆ. ಊರ್‌ಗೆಲ್ಲ ದೊಡ್ ಆಪ್ರೇಷನ್ ಡಾಕ್ಟ್ರು ಅಂತ ಸಾರ್ಕಂಡ್ ಬಂದಿದ್ರು."

ಚಿಕ್ಕಹನುಮಯ್ಯ ಹಾಲಿನ ಸೊಸೈಟಿಯ ಅಧ್ಯಕ್ಷ. ನನ್ನ ಕೂದಲು ಕಪ್ಪಗಿದ್ದಾಗ, ಸ್ವಾತಂತ್ರ್ಯ ದಿನಾಚರಣೆಯ ಸಭೆಯಲ್ಲಿ, ನನ್ನ ಅಂಗನವಾಡಿಯ ಉಪ್ಪಿಟ್ಟನ್ನು ದನವೂ ಮೂಸುವುದಿಲ್ಲ ಎಂದಿದ್ದ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಅವನು ನನಗೆ ಹೇಳಬೇಕಾದ್ದನ್ನು ಹಸುವಿಗೆ ಹೇಳುತ್ತಾನೆ. ನಾನು ಕೋಳಿಗೆ ಹೇಳುತ್ತೇನೆ.

ಮಮತಾಗೆ ಫೋನ್ ಮಾಡಿ ಹೇಳಿದೆ: "ನಿನ್ ಮಗಳನ್ನ ಎಲ್ಲಿಗಾದ್ರೂ ವರ್ಗ ಮಾಡಿಸ್ಕಂಡ್ ಹೋಗವ್ವ. ನಂಗೆ ಊರಲ್ಲಿ ತಲೆ ಎತ್ತಕ್ಕಾಯ್ತಿಲ್ಲ."

ನೋಡುತ್ತೇನೆ ಎಂದಳು.

ನವೆಂಬರ್ 27

ಈ ಹುಡುಗಿ ಹಸುವಿನ ಹಿಂಭಾಗದಲ್ಲಿ ಭುಜದವರೆಗೆ ಕೈ ಹಾಕುತ್ತಾಳೆ. ಗ್ಲೌಸ್ ಹಾಕಿಕೊಂಡೇ ಹಾಕುತ್ತಾಳಂತೆ. ಆದರೂ ಅದೇ ಕೈ. ಅದೇ ಕೈಯಲ್ಲಿ ಸಂಜೆ ಬಂದು ನನ್ನ ಅಡುಗೆಮನೆಯ ಚಕ್ಕುಲಿ ಡಬ್ಬ ತೆಗೆದಳು.

ಹಿತ್ತಲಲ್ಲಿ ಸಾಬೂನು, ಅರಿಶಿನ, ಬಿಸಿನೀರು ಇಟ್ಟು, ಮೂರು ಸಲ ತೊಳೆದ ಮೇಲೆ ಒಳಗೆ ಬಾ ಎಂದಿದ್ದೇನೆ. ತಟ್ಟೆಯೂ ಬೇರೆ. ಊಟ ಜಗಲಿಯಲ್ಲಿ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಓಕೆ ಅಜ್ಜಿ, ಹೋಟೆಲ್ ಥರ ಇದೆ," ಎಂದು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಮುದ್ದೆಯನ್ನು ಚಪಾತಿಯ ಹಾಗೆ ಅಗಿದು ಅಗಿದು ತಿಂದಳು. ನುಂಗಬೇಕು ಎಂದರೆ ಗಂಟಲಲ್ಲಿ ಸಿಕ್ಕಿಕೊಂಡರೆ ಎಂದು ಕೇಳುತ್ತಾಳೆ. ಶಿವಕುಮಾರ್ ಊಟ ಬಿಟ್ಟು ನಗುತ್ತಿದ್ದ.

ಮಮತಾಗೆ ಫೋನ್ ಮಾಡಿ ಮತ್ತೆ ನೆನಪಿಸಿದೆ.

ಡಿಸೆಂಬರ್ 2

ಆಸ್ಪತ್ರೆಗೆ ಯಾರೂ ಬರುತ್ತಿಲ್ಲವಂತೆ. ಬಂದವರೂ ಬಾಗಿಲಲ್ಲಿ ನಿಂತು, ಗಂಡು ಡಾಕ್ಟರ್ ಇಲ್ಲವೇ ಎಂದು ಕೇಳಿ ಹೋಗುತ್ತಾರಂತೆ. ನಮ್ಮೂರ ಗಂಡಸರಿಗೆ ಹಸು ಬೆದೆಗೆ ಬಂದಿದೆ ಎಂದು ಒಬ್ಬ ಹುಡುಗಿಯ ಮುಂದೆ ಹೇಳಲು ನಾಚಿಕೆ. ಹಾಗಾಗಿ ಪಕ್ಕದೂರಿನಲ್ಲಿ ಸೂಜಿ ಚುಚ್ಚುವವನೊಬ್ಬನಿದ್ದಾನೆ, ಅವನನ್ನೇ ಕರೆಯುತ್ತಾರೆ. ಅವನು ಓದಿದ್ದು ಏನೆಂದು ಅವನಿಗೂ ಗೊತ್ತಿಲ್ಲ. ಇದರ ಜೊತೆಗೆ ಚಿಕ್ಕಹನುಮಯ್ಯ ಹಾಲಿನ ಸೊಸೈಟಿಯಲ್ಲಿ, "ಆ ಮಗಿನ ಕೈ ನೋಡುದ್ರೇನ್ಲಾ, ಬಳೆ ಹಾಕೋ ಕೈ. ಅದ್ರಲ್ಲಿ ಹಸ ಹಿಡ್ಯಕ್ಕಾದದಾ," ಎಂದನಂತೆ.

ಬಿಂದು ಇವತ್ತು ಅರ್ಧ ಮುದ್ದೆಯನ್ನೂ ತಿನ್ನಲಿಲ್ಲ. ಏನಾಯಿತೆಂದು ನಾನು ಕೇಳಲಿಲ್ಲ. ನನಗೇಕೆ?

ಸಂಜೆ ಹಾಲು ಹಾಕಲು ನಾನೇ ಸೊಸೈಟಿಗೆ ಹೋದೆ. ದಿನಾ ಹೋಗುವುದು ಸೊಸೆ. ಇವತ್ತು ನನಗೆ ಸ್ವಲ್ಪ ನಡೆಯಬೇಕು ಅನಿಸಿತು, ಅಷ್ಟೆ. ಸಾಲಿನಲ್ಲಿ ನಿಂತಿದ್ದವರಲ್ಲಿ ಮುಕ್ಕಾಲು ಜನ ನನ್ನ ಅಂಗನವಾಡಿಯ ಮಕ್ಕಳು. ಈಗ ಮೀಸೆ ಬಂದಿದೆ, ಹೊಟ್ಟೆಯೂ ಬಂದಿದೆ.

"ಯಾಕ್ಲಾ ಮಾದಪ್ಪ, ನಿನ್ನ ಹಸ ಬೆದೆಗೆ ಬಂದೈತಂತೆ. ಡಾಕ್ಟ್ರುಗೆ ಹೇಳಕ್ಕೆ ನಾಚ್ಕೆಯಂತೆ?" ಎಂದೆ.

ಮಾದಪ್ಪ ಹಾಲಿನ ಕ್ಯಾನಿನೊಳಗೆ ಇಣುಕಿ ನೋಡತೊಡಗಿದ.

"ದಿನಾ ಮಧ್ಯಾಹ್ನ ಚಡ್ಡಿ ಒದ್ದೆ ಮಾಡ್ಕಂಡು ನನ್ನ ಮುಂದೆ ನಿಂತ್ಕತಿದ್ದಲ್ಲ, ಆಗ ನಾಚ್ಕೆ ಆಯ್ತಿರ್ನಿಲ್ವಾ? ನಿನ್ ಚಡ್ಡಿ ಒಗೆದಿರೋಳು ನಾನು. ಇಲ್ಲಿ ಸಾಲಲ್ಲಿ ನಿಂತಿರೋ ಯಾರ್‌ಯಾರ್ ಚಡ್ಡಿ ಒಗೆದಿದೀನಿ ಅಂತ ಹೇಳ್ಳಾ?"

ಸಾಲು ತುಂಬಾ ಶಿಸ್ತಾಯಿತು. ಚಿಕ್ಕಹನುಮಯ್ಯ ಒಳಗೆ ಕೂತು ಹಾಲಿನ ಡಿಗ್ರಿ ನೋಡುತ್ತಿದ್ದ. ಅವನು ನನಗಿಂತ ದೊಡ್ಡವನು, ಅವನ ಚಡ್ಡಿಯ ವಿಚಾರ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ.

ಇದನ್ನು ಬಿಂದುವಿಗೋಸ್ಕರ ಮಾಡಿದ್ದಲ್ಲ. ಊರಿನ ದನಗಳ ಆರೋಗ್ಯದ ಪ್ರಶ್ನೆ.

ಡಿಸೆಂಬರ್ 5

ಈಗ ಎಲ್ಲರೂ ನನಗೆ ಫೋನ್ ಮಾಡುತ್ತಾರೆ.

"ಟೀಚರಮ್ಮ, ನಮ್ ಹಸ ಯಾಕೋ ಒಂಥರಾ ಆಡ್ತೈತೆ."

"ಒಂಥರಾ ಅಂದ್ರೆ ಏನ್ಲಾ? ಕೂಗ್ತೈತಾ? ಬೇರೆ ಹಸದ ಮೇಲೆ ಹತ್ತತೈತಾ? ಲೋಳೆ ಬೀಳ್ತೈತಾ?"

"ಹೂಂ ಟೀಚರಮ್ಮ, ನೀವು ಹೇಳುದ್ದೆಲ್ಲಾನೂವೆ."

ನಾನು ಬಾಗಿಲ ಹತ್ತಿರ ನಿಂತು ಬಿಂದುವಿಗೆ ಕೂಗಿ ಹೇಳುತ್ತೇನೆ. ಅವಳು ಯಾವಾಗಿಂದ ಎಂದು ಕೂಗುತ್ತಾಳೆ. ನಾನು ಫೋನಿಗೆ ಕೇಳುತ್ತೇನೆ. ಬೀದಿಯಲ್ಲಿ ಹೋಗುವವರೂ ಉತ್ತರ ಕೇಳಿಸಿಕೊಳ್ಳಲು ನಿಲ್ಲುತ್ತಾರೆ. ಗುಟ್ಟಾಗಿರಲಿ ಎಂದು ನನಗೆ ಫೋನ್ ಮಾಡಿದ ವಿಷಯ ಹೀಗೆ ಊರಿಗೆಲ್ಲ ಗೊತ್ತಾಗುತ್ತದೆ. ಶಿವಕುಮಾರ್, "ಅವ್ವ, ಮೈಕ್ ಹಾಕಿಸ್ಕೊಡ್ಲಾ?" ಎಂದ. ಅಂಗನವಾಡಿಯಲ್ಲಿ ಕುಟುಂಬ ಯೋಜನೆಯ ತಿಳಿವಳಿಕೆ ಕೊಟ್ಟವಳಿಗೆ ಇದೆಲ್ಲ ಏನು ಮಹಾ.

ಮಮತಾ ಫೋನ್ ಮಾಡಿ, ವರ್ಗದ ಬಗ್ಗೆ ಯಾರೊಂದಿಗೋ ಮಾತಾಡಿದ್ದೇನೆ ಎಂದಳು. ಸದ್ಯ. ನನಗೆ ಈ ಫೋನ್‌ಗಳಿಂದ ಮುಕ್ತಿ ಸಿಕ್ಕರೆ ಸಾಕು.

ಡಿಸೆಂಬರ್ 9

ಇದು ಅವರೆಕಾಯಿಯ ಕಾಲ. ಕೆಳಗಿನ ಬೀದಿಯ ಪೀರ್ ಸಾಬರು ಮಾಗಡಿ ಸಂತೆಗೆಂದು ಒಂದು ಮೂಟೆ ಕಾಯಿ ಬಿಡಿಸಿ ಹಿತ್ತಲಲ್ಲಿಟ್ಟು, ಮಧ್ಯಾಹ್ನದ ನಮಾಜಿಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಅವರ ಹೋತ ಹಗ್ಗ ಕಿತ್ತುಕೊಂಡು ಮೂಟೆಗೆ ಬಾಯಿ ಹಾಕಿ, ಸಾಕಾಗುವಷ್ಟಲ್ಲ, ಆಗದಷ್ಟು ತಿಂದಿದೆ. ಅವರ ಹೆಂಡತಿ ಖತೀಜಾ ಓಡಿಬಂದಳು.

"ಟೀಚರಮ್ಮ, ನಮ್ದು ಹೋತ ಡೋಲಿನಂಗೆ ಆಗ್ಬಿಟ್ಟೈತೆ. ಡಾಕ್ಟ್ರಮ್ಮನ್ನ ಕಳ್ಸಿ."

ಬಿಂದು ಸ್ಕೂಟರಿನಲ್ಲಿ ಹೊರಟಳು. ನಾನೂ ಹಿಂದೆ ಕೂತೆ, ಖತೀಜಾಳಿಗೆ ಧೈರ್ಯ ಹೇಳಲು ಯಾರಾದರೂ ಬೇಕಲ್ಲ. ಹೋತ ನಾಲ್ಕು ಕಾಲನ್ನೂ ಅಗಲಿಸಿಕೊಂಡು ನಿಂತಿತ್ತು. ಎಡಗಡೆ ಹೊಟ್ಟೆ ಬೆನ್ನಿನ ಮಟ್ಟಕ್ಕೆ ಉಬ್ಬಿತ್ತು. ಬಿಂದು ಹೊಟ್ಟೆಯ ಮೇಲೆ ಬೆರಳಿನಿಂದ ತಟ್ಟಿ ಕಿವಿಗೊಟ್ಟಳು. "ಅಡುಗೆ ಎಣ್ಣೆ ಬೇಕು, ಬೇಗ," ಎಂದಳು. ಖತೀಜಾಳ ಮನೆಯಲ್ಲಿ ಎಣ್ಣೆ ತಳ ಕಂಡಿತ್ತು. ಬೆಳಿಗ್ಗೆ ಅಂಗಡಿಯಲ್ಲಿ ಮನೆಗೆಂದು ಕೊಂಡಿದ್ದ ಕಡಲೆಕಾಯಿ ಎಣ್ಣೆಯ ಪ್ಯಾಕೆಟ್ ಇನ್ನೂ ನನ್ನ ಚೀಲದಲ್ಲೇ ಇತ್ತು. ಚೀಲವನ್ನು ಹಿಂದೆ ಸರಿಸಿದೆ. ಬಿಂದು ನನ್ನ ಕಡೆ ನೋಡಿದಳು. ಕೊಟ್ಟೆ.

ಬಾಟಲಿಯಲ್ಲಿ ಹಾಕಿ, ದವಡೆಯ ಪಕ್ಕದಿಂದ ನಿಧಾನವಾಗಿ ಕುಡಿಸಿದಳು. ಮುಂಗಾಲು ಎತ್ತರಕ್ಕೆ ನಿಲ್ಲಿಸಿ ಹೊಟ್ಟೆ ನೀವಿದಳು. ಪೀರ್ ಸಾಬರು ಕಣ್ಣು ಮುಚ್ಚಿ ದುವಾ ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಹೋತ ಒಂದು ತೇಗು ತೇಗಿತು. ನಮ್ಮೂರಿನ ಯಾವ ಬೀಗರ ಔತಣದಲ್ಲೂ ಅಂಥ ತೇಗು ನಾನು ಕೇಳಿಲ್ಲ. ಆಮೇಲೆ ಅದು ಬಿಡುತ್ತಲೇ ಹೋಯಿತು, ಎರಡೂ ಕಡೆಯಿಂದ. ಖತೀಜಾ ಸೆರಗನ್ನು ಮೂಗಿಗೆ ಮುಚ್ಚಿಕೊಂಡೇ ಬಿಂದುವಿನ ಕೆನ್ನೆ ನೀವಿ ದೃಷ್ಟಿ ತೆಗೆದಳು.

ಡಿಸೆಂಬರ್ 10

ಪೀರ್ ಸಾಬರು ಎರಡು ಪ್ಯಾಕೆಟ್ ಎಣ್ಣೆ ತಂದುಕೊಟ್ಟರು. ಒಂದು ವಾಪಸ್ ಕೊಟ್ಟೆ. ಬಸ್ ಸ್ಟ್ಯಾಂಡಿನಲ್ಲಿ, ಮಸೀದಿಯ ಮುಂದೆ, ಸಂತೆಯಲ್ಲಿ, ಎಲ್ಲ ಕಡೆ ಆ ತೇಗಿನ ಕಥೆ ಹೇಳುತ್ತಿದ್ದಾರಂತೆ. ಆಸ್ಪತ್ರೆಗೆ ಇವತ್ತು ನಾಲ್ಕು ಮೇಕೆ, ಒಂದು ನಾಯಿ ಬಂದವು.

ರಾತ್ರಿ ಊಟದ ಹೊತ್ತಿಗೆ ಚಳಿ ಜಾಸ್ತಿಯಿತ್ತು. ಜಗಲಿಯಲ್ಲಿ ಕೂತರೆ ನೆಗಡಿಯಾಗುತ್ತದೆ, ಆಮೇಲೆ ಕಷಾಯ ಮಾಡಬೇಕಾದವಳು ನಾನೇ. ಒಳಗೇ ಕೂತು ತಿನ್ನು ಎಂದೆ.

ಡಿಸೆಂಬರ್ 18

ಮಾದಪ್ಪನ ಹಸು ಸತ್ತಿತು.

ನಾಲ್ಕು ದಿನ ಜ್ವರವಿತ್ತಂತೆ. ಪಕ್ಕದೂರಿನ ಸೂಜಿಯವನು ಬಂದು ಬಂದು ಚುಚ್ಚಿದ್ದಾನೆ. ಇನ್ನು ಆಗದು ಎಂದಾಗ ಬಿಂದುವನ್ನು ಕರೆದಿದ್ದಾರೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲೇ ಕೂತು ಬಾಟಲಿ ಏರಿಸಿದಳಂತೆ. ಉಳಿಯಲಿಲ್ಲ. ಈಗ ಊರಲ್ಲಿ, ಆ ಹುಡುಗಿ ಕೈಯಿಟ್ಟ ಮೇಲೆ ಹಸು ಸತ್ತಿತು ಎನ್ನುತ್ತಿದ್ದಾರೆ. ಮಾದಪ್ಪ ಹಾಗೆ ಅನ್ನಲಿಲ್ಲವಂತೆ. ಅನ್ನಬೇಡಿ ಎಂದೂ ಹೇಳಲಿಲ್ಲವಂತೆ.

ಬಿಂದು ಹಿತ್ತಲಲ್ಲಿ ಕೈ ತೊಳೆಯುತ್ತಲೇ ಇದ್ದಳು. ಮೂರು ಸಲ ಆಯಿತು, ಬಾ ಎಂದೆ. ಕೇಳಿಸಲಿಲ್ಲ.

ಡಿಸೆಂಬರ್ 19

ಅವಳು ಆಸ್ಪತ್ರೆಗೆ ರಜೆ ಹಾಕಿದಳು. ಅಮ್ಮನಿಗೆ ಫೋನ್ ಮಾಡಿ, ಬೇಗ ವರ್ಗ ಮಾಡಿಸು, ನಾನು ಬೆಂಗಳೂರಿನಲ್ಲಿ ನಾಯಿ ಬೆಕ್ಕು ನೋಡಿಕೊಂಡು ಇರುತ್ತೇನೆ ಎಂದಳು. ಒಳ್ಳೆಯದೇ ಆಯಿತು. ನಾನು ಕೇಳುತ್ತಿದ್ದುದೂ ಅದನ್ನೇ. ಸಾರಿಗೆ ಎರಡು ಹೊತ್ತೂ ಉಪ್ಪಿಲ್ಲ ಎಂದು ಶಿವಕುಮಾರ್ ಹೇಳಿದ. ಸೊಸೆ ಮಾಡಿದ್ದಿರಬೇಕು ಎಂದೆ. ನಾನೇ ಮಾಡಿದ್ದಂತೆ.

ಮಧ್ಯಾಹ್ನ ಹಿತಕಿದ ಬೇಳೆಗೆಂದು ನೆನೆಹಾಕಿದ್ದ ಅವರೆಕಾಳನ್ನು ಅವಳ ಮುಂದಿಟ್ಟೆ. ಕಾಳನ್ನು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಜಾರಿ ಬರಬೇಕು. ಅವಳು ಒತ್ತಿದ ಮೊದಲನೆಯದು ಹಾರಿಹೋಗಿ, ಗೋಡೆಯ ಮೇಲಿನ ನಮ್ಮ ಯಜಮಾನರ ಫೋಟೋಗೆ, ಸರಿಯಾಗಿ ಮೂಗಿಗೆ ಹೊಡೆಯಿತು. ಅವಳು ನಗಬಾರದು ಎಂದು ನೋಡಿದಳು. ನಾನೂ ನೋಡಿದೆ. ಇಬ್ಬರಿಂದಲೂ ಆಗಲಿಲ್ಲ. ಪುಣ್ಯಾತ್ಮ ಬದುಕಿದ್ದಾಗಲೂ ಅವರೆಕಾಳು ಬಿಡಿಸಲು ಕರೆದರೆ ಹೀಗೇ ಮುಖ ಮಾಡುತ್ತಿದ್ದರು.

ನಕ್ಕ ಮೇಲೆ ಅತ್ತಳು. "ಒಂದು ದಿನ ಮುಂಚೆ ಕರ್ದಿದ್ರೂ ಉಳಿಸ್ತಿದ್ದೆ ಅಜ್ಜಿ," ಎಂದಳು.

"ಗೊತ್ತು ಕಣವ್ವ," ಎಂದೆ. ಆಮೇಲೆ ಹೇಳಿದೆ: "ನಾನು ಅಂಗನವಾಡಿ ಸುರು ಮಾಡ್ದಾಗ ಒಂದ್ ಮಗಾನೂ ಬರ್ನಿಲ್ಲ. ಸೂಜಿ ಚುಚ್ಚಿ ಸಾಯಿಸ್ತಳೆ ಅಂತ ಊರೆಲ್ಲ ಹೇಳ್ಕಂಡ್ ತಿರುಗ್ತಿದ್ರು. ದಿನಾ ಗಂಟೆ ಹೊಡ್ದು, ಖಾಲಿ ಚಾಪೆ ಹಾಸಿ, ಒಬ್ಳೇ ಕೂತ್ಕಂಡ್ ಹಾಡು ಹೇಳ್ತಿದ್ದೆ. ಯಾವ್ದೋ ಒಂದ್ ಮಗಾ ಹಾಡು ಕೇಳಕ್ಕೆ ಬಂತು."

"ಯಾರು ಅದು?"

"ಮಾದಪ್ಪ."

"ಚಡ್ಡಿ ಒದ್ದೆ ಮಾಡ್ಕೊತಿದ್ದವನಾ?"

"ಹೂಂ. ಬಂದ ಮೊದಲ್ನೇ ದಿವ್ಸಾನೇ ಸುರು ಮಾಡ್ದ."

ರಾತ್ರಿ ಅವಳು ಮುದ್ದೆಯನ್ನು ಸರಿಯಾಗಿ ನುಂಗಿದಳು. ನಾನು ಇದನ್ನು ಗಮನಿಸಿದೆ ಎಂದು ಅವಳಿಗೆ ಗೊತ್ತಿಲ್ಲ.

ಡಿಸೆಂಬರ್ 20

ಬೆಳಿಗ್ಗೆ ಎಂದಿನಂತೆ ಬೂಟು ಹಾಕಿಕೊಂಡು ಹೋದಳು.

ಜನವರಿ 3

ಮಮತಾ ಫೋನ್ ಮಾಡಿದ್ದಳು. ಬೆಂಗಳೂರಿನಲ್ಲಿ ಜಾಗ ಖಾಲಿಯಾಗಿದೆಯಂತೆ. ಬಿಂದು ಒಂದು ಸಹಿ ಹಾಕಿದರೆ ಈ ತಿಂಗಳೇ ಆಗುತ್ತದಂತೆ.

ಸಂತೋಷ.

ಇವತ್ತು ಬರೆಯಲು ಬೇರೇನೂ ಇಲ್ಲ.

ಜನವರಿ 12

ಕೆಲಸ ಜಾಸ್ತಿಯಾಗಿ ಬರೆಯಲು ಆಗಿರಲಿಲ್ಲ. ಕುರಿಗಳಿಗೆ ಜಂತುಹುಳುವಿನ ಔಷಧ ಕುಡಿಸುವುದಿತ್ತು. ಯಾರ ಮನೆಯಲ್ಲಿ ಎಷ್ಟು ಕುರಿ ಎಂದು ಬಿಂದುವಿಗೆ ತಿಳಿಯದು, ಜೊತೆಯಲ್ಲಿ ನಾನು ಹೋಗಬೇಕು. ಪೀರ್ ಸಾಬರು ಮಾತ್ರ ಎಲ್ಲವನ್ನೂ ಒಂದೇ ಸಲ ಹೊಡೆದುಕೊಂಡು ಬಂದರು. ಉಳಿದವರು ಎರಡು ಕುರಿ ತೋರಿಸಿ ನಾಲ್ಕು ಬಚ್ಚಿಡುತ್ತಾರೆ. ಯಾಕೆ ಬಚ್ಚಿಡುತ್ತಾರೆಂದು ಕೇಳಿದರೆ ಅವರಿಗೇ ಗೊತ್ತಿಲ್ಲ, ಸರ್ಕಾರದವರು ಬಂದರೆ ಬಚ್ಚಿಡಬೇಕು ಎಂದಷ್ಟೇ ಗೊತ್ತು.

ಚಿಕ್ಕಹನುಮಯ್ಯನ ಚೆಲುವಿ ತುಂಬು ಗಬ್ಬ. ಈ ವಾರ ಕರು ಹಾಕಬೇಕು. ಬಿಂದು ಗೋಡೆಯ ಈಚೆಯಿಂದ ನೋಡಿ, "ತಾತ, ಒಂದ್ಸಲ ಚೆಕ್ ಮಾಡ್ತೀನಿ, ಕರು ದೊಡ್ಡದಿದೆ ಅನ್ಸುತ್ತೆ," ಎಂದಳು. ಅವನು ಹಸುವಿಗೆ, "ನಿಮ್ಮವ್ವ, ನಿಮ್ಮಜ್ಜಿ ಯಾವ ಚೆಕ್ ಮಾಡ್ಸಿದ್ರವ್ವ," ಎಂದ. ನಾನು ಕೋಳಿಗೆ, "ಕೆಲವ್ರಿಗೆ ಹೇಳದೂ ಒಂದೆ, ಗೋಡೆಗೆ ಹೇಳದೂ ಒಂದೆ," ಎಂದೆ. ಕೋಳಿ ನನ್ನ ಕಡೆ ನೋಡಿತು.

ವರ್ಗದ ಕಾಗದಕ್ಕೆ ಸಹಿ ಹಾಕಿದೆಯಾ ಎಂದು ಬಿಂದುವನ್ನು ಕೇಳಬೇಕು ಎಂದುಕೊಂಡೆ. ಕುರಿ ಲೆಕ್ಕದಲ್ಲಿ ಮರೆತುಹೋಯಿತು.

ಜನವರಿ 15, ಸಂಕ್ರಾಂತಿ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬೆಳಿಗ್ಗೆ ರಂಗೋಲಿ ಬಿಡುವಾಗಲೇ ಗೋಡೆಯಾಚೆ ಚೆಲುವಿ ನರಳುವುದು ಕೇಳಿಸುತ್ತಿತ್ತು. ಊರಿನವರೆಲ್ಲ ದನಗಳ ಮೈ ತೊಳೆದು ಕೊಂಬಿಗೆ ಬಣ್ಣ ಬಳಿಯುತ್ತಿದ್ದರು. ಚಿಕ್ಕಹನುಮಯ್ಯ ಮಾತ್ರ ಕೊಟ್ಟಿಗೆಯಿಂದ ಬೀದಿಗೆ, ಬೀದಿಯಿಂದ ಕೊಟ್ಟಿಗೆಗೆ ಓಡಾಡುತ್ತಿದ್ದ. ಸೂಜಿಯವನು ಹಬ್ಬಕ್ಕೆ ಮಾವನ ಮನೆಗೆ ಹೋಗಿದ್ದಾನಂತೆ, ಫೋನ್ ಎತ್ತುತ್ತಿಲ್ಲವಂತೆ. ಇದನ್ನು ಅವನು ಹಸುವಿಗೆ ಹೇಳಿದ್ದರಿಂದ ನನಗೆ ತಿಳಿಯಿತು.

ಆಮೇಲೆ ಹಸುವಿಗೆ ಹೇಳಿದ: "ಒಸಿ ತಡ್ಕಳವ್ವ ಚೆಲುವಿ. ಗೋಡೆ ಪಕ್ಕದಲ್ಲೇ ಡಾಕ್ಟ್ರು ಇದ್ರೂ ನಿನ್ ಹಣೇಲಿ ಬರ್ದಿಲ್ಲ."

ನಾನು ಕೋಳಿಗೆ ಹೇಳಿದೆ: "ಡಾಕ್ಟ್ರು ಬೇಕಂದ್ರೆ ಬಾಯ್ಬುಟ್ಟು ಕೇಳ್ಬೇಕು ಕಣವ್ವ. ಕನ್ಸು ಬೀಳ್ತದಾ?"

"ಕೇಳುದ್ರೆ ಉಪ್ಪಿಟ್ಟಿನ್ ಸುದ್ದಿ ತೆಗೀತರೆ ಕಣವ್ವ ಚೆಲುವಿ."

"ತೆಗೀದೆ ಇರ್ತರಾ?"

ಆಗ ಚೆಲುವಿ ಕೂಗಿತು. ಅದು ಹಸುವಿನ ಕೂಗಿನಂತಿರಲಿಲ್ಲ. ನನ್ನ ಕೈಯ ರಂಗೋಲಿ ಪುಡಿಯ ಬಟ್ಟಲು ಕೆಳಗೆ ಬಿತ್ತು. ಚಿಕ್ಕಹನುಮಯ್ಯ ನಮ್ಮ ಗೇಟಿನ ಮುಂದೆ ನಿಂತಿದ್ದ. ಕಣ್ಣು ಕೆಂಪಾಗಿತ್ತು.

"ರತ್ನಮ್ಮ, ನನ್ ಕೈಲಾಯ್ತಿಲ್ಲ. ಮಗೀನ ಕರಿ," ಎಂದ.

ಓಡಿಹೋಗಿ ಬಚ್ಚಲ ಬಾಗಿಲು ಬಡಿದೆ. ಬಿಂದು ಹಬ್ಬದ ಎಣ್ಣೆ ಸ್ನಾನ ಮಾಡುತ್ತಿದ್ದಳು. ತಲೆಯ ಸೀಗೆಪುಡಿಯನ್ನೂ ಪೂರ್ತಿ ತೊಳೆಯದೆ, ಟವೆಲ್ ಸುತ್ತಿಕೊಂಡು, ಹಳೆಯ ಬಟ್ಟೆ ಹಾಕಿಕೊಂಡು ಬಂದಳು.

ಕೊಟ್ಟಿಗೆಯಲ್ಲಿ ಕರುವಿನ ಒಂದು ಕಾಲು ಮಾತ್ರ ಹೊರಗೆ ಕಾಣುತ್ತಿತ್ತು. ಬಿಂದು ಕೈಗೆ ಎಣ್ಣೆ ಹಚ್ಚಿ ಒಳಗೆ ಹಾಕಿ, ಕಣ್ಣು ಮುಚ್ಚಿ, ಕತ್ತಲೆಯ ಕೋಣೆಯಲ್ಲಿ ಏನನ್ನೋ ಹುಡುಕುವವಳಂತೆ ಹುಡುಕಿದಳು. "ಇನ್ನೊಂದು ಕಾಲು ಒಳಗೆ ಮಡಚ್ಕೊಂಡಿದೆ. ಕರುನ ಹಿಂದಕ್ಕೆ ತಳ್ಳಿ ಕಾಲು ನೇರ ಮಾಡ್ಬೇಕು. ತಾತ, ನೀವು ತಲೆ ಹಿಡ್ಕೊಳ್ಳಿ. ಅಜ್ಜಿ, ನೀನು ಬಾಲ ಹಿಡ್ಕೊ. ಬಿಡ್ಬೇಡ."

ನಾನು ಬಾಲ ಹಿಡಿದೆ. ಹಬ್ಬದ ಸೀರೆಯಲ್ಲಿದ್ದೆ. ಚೆಲುವಿಗೆ ಅದರ ಮೇಲೆ ಗೌರವವಿರಲಿಲ್ಲ.

ಬಹಳ ಹೊತ್ತು ಹಿಡಿಯಿತು. ಹಸು ತಿಣುಕಿದಾಗಲೆಲ್ಲ ಅವಳ ತೋಳು ಮೂಳೆಯ ನಡುವೆ ಸಿಕ್ಕಿ ಹಿಂಡಿದಂತಾಗುತ್ತಿತ್ತು. ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದಳು. ತಲೆಯ ಟವೆಲ್ ಬಿಚ್ಚಿ ಬಿದ್ದಿತ್ತು, ಸೀಗೆಪುಡಿ ಕಣ್ಣಿಗಿಳಿದಿತ್ತು. "ಸಾಕು ಬುಡವ್ವ, ತೋಳು ಮುರ್ಕಂಡೀಯ," ಎಂದೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. "ಸುಮ್ನಿರು ಅಜ್ಜಿ," ಎಂದಳು. ಈ ಮನೆತನದಲ್ಲಿ ನನಗೆ ಹಾಗೆ ಹೇಳಿದವರಿಲ್ಲ. ಸುಮ್ಮನಾದೆ.

"ಸಿಕ್ತು. ಸಣ್ಣ ಕೈ ಅಲ್ವಾ, ಗೊರಸಿನ ಕೆಳಗೆ ಹೋಯ್ತು," ಎಂದಳು.

ಎರಡನೆಯ ಕಾಲು ಹೊರಬಂತು. ಹಗ್ಗ ಕಟ್ಟಿ, ಕೂಗು ಕೇಳಿ ಬಂದಿದ್ದ ಶಿವಕುಮಾರ್ ಮತ್ತು ಪೀರ್ ಸಾಬರಿಗೆ, ಹಸು ತಿಣುಕಿದಾಗ ಮಾತ್ರ ಎಳೆಯಿರಿ ಎಂದಳು. ಮೂತಿ ಬಂತು, ಭುಜ ಬಂತು, ಆಮೇಲೆ ಇಡೀ ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಅಲ್ಲಾಡಲಿಲ್ಲ. ಬಿಂದು ಮೂಗು ಬಾಯಿಯ ಲೋಳೆ ತೆಗೆದು, ಒಣಹುಲ್ಲಿನಿಂದ ಎದೆಯನ್ನು ಗಸಗಸ ಉಜ್ಜಿದಳು. ಒಂದು ಹುಲ್ಲುಕಡ್ಡಿಯನ್ನು ಮೂಗಿನ ಹೊಳ್ಳೆಗೆ ಹಾಕಿ ಆಡಿಸಿದಳು. "ಬಾರೋ, ಬಾರೋ," ಎನ್ನುತ್ತಿದ್ದಳು.

ಕರು ಸೀನಿತು.

ಚಿಕ್ಕಹನುಮಯ್ಯ ಹಸುವಿನ ಕುತ್ತಿಗೆಗೆ ಮುಖ ಒತ್ತಿಕೊಂಡು ನಿಂತುಬಿಟ್ಟ. ನನ್ನ ಕಣ್ಣಲ್ಲಿಯೂ ನೀರಿತ್ತು. ಬೀದಿಯಲ್ಲಿ ಕಿಚ್ಚಿಗೆ ಒಟ್ಟುತ್ತಿದ್ದ ಹುಲ್ಲಿನ ಧೂಳಿರಬೇಕು.

ಬಿಂದು ಗೋಡೆಗೊರಗಿ ಕೂತಳು. ಬಲಗೈ ಎತ್ತಲು ಆಗುತ್ತಿರಲಿಲ್ಲ, ತೋಳೆಲ್ಲ ಕೆಂಪಾಗಿತ್ತು. ಮನೆಗೆ ಕರೆತಂದು, ಮಧ್ಯಾಹ್ನ ಪೊಂಗಲ್ಲು ನಾನೇ ಬಾಯಿಗಿಟ್ಟೆ. ಕೈ ತೊಳೆದಿದ್ದಾಳೋ ಇಲ್ಲವೋ ಎಂದು ನೋಡಿದ ನೆನಪಿಲ್ಲ. ಸಂಜೆ ಊರಿನ ದನಗಳು ಕಿಚ್ಚು ಹಾಯುವಾಗ ಅವಳು ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ನನ್ನ ಭುಜ ಇನ್ನೂ ನೋಯುತ್ತಿದೆ.

ಜನವರಿ 16

ಕರು ಹೆಣ್ಣು. ಚಿಕ್ಕಹನುಮಯ್ಯ ಅದಕ್ಕೆ ಬಿಂದು ಎಂದು ಹೆಸರಿಟ್ಟಿದ್ದಾನೆ. ಬೆಳಗಿನಿಂದ ಗೋಡೆಯಾಚೆ, "ಲೇ ಬಿಂದು, ಮೈಯೆಲ್ಲ ಸಗಣಿ ಮಾಡ್ಕಂಡ್ಯಾ," "ಬಿಂದು, ಒಸಿ ಹಾಲು ಕುಡ್ಯವ್ವ," ಎಂದು ಕೂಗುತ್ತಿದ್ದಾನೆ. ನಮ್ಮವಳು ಒಂದು ಸಲ ಮರೆತು, "ಆಗ್ಲೇ ಕುಡ್ದೆ ತಾತ," ಎಂದಳು.

ಗಿಣ್ಣುಹಾಲು ತಂದು ನನ್ನ ಕೈಗೇ ಕೊಟ್ಟ. "ರತ್ನಮ್ಮ, ಆ ಉಪ್ಪಿಟ್ಟು…" ಎಂದು ಶುರು ಮಾಡಿದ.

"ಗಿಣ್ಣು ಆರೋಯ್ತದೆ, ನಡಿ," ಎಂದು ಒಳಗೆ ಬಂದೆ. ಅವನು ಪೂರ್ತಿ ಹೇಳಿಬಿಟ್ಟರೆ ನಾನು ಇನ್ನು ಕೋಳಿಯ ಹತ್ತಿರ ಏನು ಮಾತಾಡಲಿ?

ಜನವರಿ 18, ಭಾನುವಾರ

ಮಮತಾ ಕಾರಿನಲ್ಲಿ ಬಂದಳು, ಮುಖ ಊದಿಸಿಕೊಂಡು. ಬಿಂದು ಸಹಿ ಹಾಕಿಲ್ಲವಂತೆ. ಕೇಳಿದರೆ, ಬೇಡ, ಇಲ್ಲೇ ಇರುತ್ತೇನೆ ಎಂದಳಂತೆ. ನನಗೆ ಇದು ತಿಳಿದಿರಲಿಲ್ಲ.

"ಅವ್ವ, ನೀನೇ ಬುದ್ಧಿ ಹೇಳು," ಎಂದಳು ಮಮತಾ. "ಕರ್ಕಂಡ್ ಹೋಗು, ಕರ್ಕಂಡ್ ಹೋಗು ಅಂತ ದಿನಾ ಫೋನ್ ಮಾಡ್ತಿದ್ದೋಳು ನೀನೆ."

"ನಾನೆಲ್ಲಿ ಹಂಗಂದೆ?" ಎಂದೆ.

ಮಮತಾ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದಳು. ಶಿವಕುಮಾರ್ ಎದ್ದು ಹೊರಗೆ ಹೋದ, ಅವನ ಭುಜ ಕುಲುಕುತ್ತಿತ್ತು. ನನಗೆ ಹಾಗೆ ಹೇಳಿದ ನೆನಪಿಲ್ಲ. ಒಂದು ಸಲ ಏನೋ ಸುಸ್ತಾಗಿದೆ ಎಂದಿರಬಹುದು. ಮಮತಾಗೆ ಚಿಕ್ಕಂದಿನಿಂದಲೂ ಒಂದಕ್ಕೆ ನಾಲ್ಕು ಸೇರಿಸುವ ಅಭ್ಯಾಸ.

"ಸರಿ, ಈಗ ಹೇಳು," ಎಂದಳು. "ನಿಂಗೆ ವಯಸ್ಸಾಗಿದೆ, ಬಿಪಿ ಇದೆ. ಇವಳನ್ನ ನೋಡ್ಕೊಳ್ಳೋದು ಕಷ್ಟ ಅಂದ್ರೆ ಇವತ್ತೇ ಕರ್ಕೊಂಡು ಹೋಗ್ತೀನಿ."

ಬಿಂದು ಮೂಲೆಯಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಯಾವ ತರಬೇತಿಯಲ್ಲೂ ನಮಗೆ ಕಲಿಸಿರಲಿಲ್ಲ.

"ನಾಳೆ ಪೀರ್ ಸಾಬ್ರು ಮೇಕೆಗೆ ಚುಚ್ಚುಮದ್ದೈತೆ," ಎಂದೆ. "ಬುಧವಾರ ಮಾದಪ್ಪ ಹೊಸಾ ಹಸ ತತ್ತಾವ್ನೆ, ನೋಡಿ ಹೇಳ್ಬೇಕು. ಆಮೇಲೆ ಹಿಂದ್ಲ ಬೀದಿ ಎಮ್ಮೆ ಎರಡು ಗಬ್ಬ. ಯುಗಾದಿ ತಂಕ ಪುರ್ಸೊತ್ತಿಲ್ಲ."

"ಯುಗಾದಿ ಆದ್ಮೇಲೆ?"

"ಆಮೇಲೆ ಕಾಲುಬಾಯಿ ಜ್ವರದ ಸೂಜಿ ಬತ್ತದೆ. ಊರು ಊರೇ ಹಾಕ್ಬೇಕು. ಆಗ ಎಲ್ಲಿಗ್ ಕಳ್ಸಾದು?"

ಮಮತಾ ನನ್ನನ್ನು ನೋಡಿದಳು, ಆಮೇಲೆ ಮಗಳನ್ನು. "ಇಬ್ರೂ ಒಂದೇ," ಎಂದು ನಕ್ಕು ಕಾಲು ಚಾಚಿ ಕೂತಳು. ಬಿಂದು ಬಂದು ನನ್ನ ಬೆನ್ನಿಗೆ ಮುಖ ಒತ್ತಿಕೊಂಡಳು. ಮಗು ಎಂದುಕೊಂಡು ಸುಮ್ಮನಿದ್ದೆ. ಒಳ್ಳೆಯ ಭಾರವಿದ್ದಾಳೆ.

ಹೋಗುವಾಗ ಮಮತಾ ಎರಡು ಸೇರು ಅವರೆಕಾಳು, ಒಂದು ಕ್ಯಾನು ಹಾಲು, ಚಿಕ್ಕಹನುಮಯ್ಯ ಗೋಡೆಯ ಮೇಲಿಂದ ಕೊಟ್ಟ ಕುಂಬಳಕಾಯಿ ತೆಗೆದುಕೊಂಡು ಹೋದಳು.

ಜನವರಿ 21

ಬೆಳಿಗ್ಗೆ ಇನ್ನೂ ಮಂಜಿರುವಾಗ ಫೋನ್ ಬಂತು. ತಿಪ್ಪಸಂದ್ರದ ಕಡೆಯವರು, ಗುರುತಿಲ್ಲದ ದನಿ. ಎಮ್ಮೆ ಮೇವು ಬಿಟ್ಟಿದೆಯಂತೆ.

"ಮೆಲುಕು ಹಾಕ್ತೈತಾ? ಸಗಣಿ ಹೆಂಗೈತೆ? ಕಿವಿ ಮುಟ್ಟಿ ನೋಡು, ತಣ್ಣಗೈತಾ?" ಎಂದು ಎಲ್ಲ ಕೇಳಿಕೊಂಡೆ.

"ಡಾಕ್ಟ್ರಮ್ಮಾರಾ ಮಾತಾಡ್ತಿರೋದು?" ಎಂದು ಆತ ಕೇಳಿದ.

"ಡಾಕ್ಟ್ರು ಏಳ್ತಾವ್ರೆ. ಬತ್ತೀವಿ, ಬಿಸಿನೀರು ಕಾಯ್ಸಿಟ್ಟಿರಿ," ಎಂದೆ.

ಚಳಿಯಿದೆ, ನೀನು ಬರಬೇಡ ಎಂದಳು ಬಿಂದು. ನಾನು ಆಗಲೇ ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ, ಸ್ಕೂಟರಿನ ಹಿಂದೆ ಕೂತಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಮಾದಪ್ಪ ಬೀಡಿ ಬಚ್ಚಿಟ್ಟುಕೊಂಡು, "ಎಲ್ಲಿಗೆ ಟೀಚರಮ್ಮ, ಇಷ್ಟೊತ್ತಿಗೇ?" ಎಂದ. ಬಿಂದು ಗಾಡಿ ನಿಲ್ಲಿಸಲಿಲ್ಲ.

"ಡ್ಯೂಟಿಗೆ ಕಣ್ಲಾ," ಎಂದು ಕೂಗಿ ಹೇಳಿದೆ.